ಕಾಳಗದ ಆಟಗಳಲ್ಲಿ ಹೊಸಬನ ಸ್ಥಾನ

೧

ಇಬ್ಬರು ಆಟಗಾರರು ತೆರೆಯ ಮೇಲಿನ ಇಬ್ಬರು ಜಟ್ಟಿಗಳನ್ನು ಹಿಡಿಕೆ ಮತ್ತು ಗುಂಡಿಗಳ ಮೂಲಕ ಕಾದಾಡಿಸುವ ವಿಡಿಯೋ ಆಟಗಳಿಗೆ ಫೈಟಿಂಗ್ ಗೇಮ್ ಎಂದು ಹೆಸರು. ಕನ್ನಡದಲ್ಲಿ ಅವನ್ನು ಕಾಳಗದ ಆಟಗಳೆನ್ನಬಹುದು. ಬಲ್ಲವರಿಗೆ ಇದು ಎಷ್ಟು ಸವಿಯಾದರೂ ಹೊಸಬನಿಗೆ ಇದರ ಬಾಗಿಲು ಮುಚ್ಚಿಯೇ ಇದೆ ಎಂಬ ದೂರು ಈ ಪ್ರಕಾರವನ್ನು ಕುರಿತು ಬಹುಕಾಲದಿಂದ ಕೇಳಿಬರುತ್ತಿದೆ. ಆ ದೂರಿಗೆ ತಯಾರಕರು ಕೊಟ್ಟ ಉತ್ತರಗಳಲ್ಲಿ ಮುಖ್ಯವಾದುವನ್ನು ಕಾಲಕ್ರಮದಲ್ಲಿಟ್ಟು ಪರಿಶೀಲಿಸಿ, ೨೦೨೩ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯು ಹೊರತಂದ ‘ಸ್ಟ್ರೀಟ್ ಫೈಟರ್ ೬’ ಆ ಸಾಲಿನಲ್ಲಿ ಎಲ್ಲಿ ನಿಲ್ಲುತ್ತದೆಂಬುದನ್ನು ನಿರ್ಣಯಿಸುವುದು ಪ್ರಕೃತ ಲೇಖನದ ಉದ್ದೇಶ. ಆಟವೆಂದ ಮಾತ್ರಕ್ಕೆ ವಿಷಯವು ಹಗುರವೆಂದು ಭಾವಿಸಬೇಕಾಗಿಲ್ಲ. ಕಷ್ಟಸಾಧ್ಯವಾದ ವಿದ್ಯೆಯೊಂದಕ್ಕೆ ಹೆಚ್ಚು ಜನರನ್ನು ಬರಮಾಡಿಕೊಳ್ಳುವಾಗ ವಿದ್ಯೆಯನ್ನು ಸುಲಭಗೊಳಿಸಬೇಕೋ ಅಥವಾ ಕಲಿಕೆಯನ್ನು ಸುಗಮಗೊಳಿಸಬೇಕೋ ಎಂಬ ಪ್ರಶ್ನೆ ಇದರೊಳಗೆ ಅಡಗಿದೆ. ಅಧ್ಯಾಪಕವರ್ಗಕ್ಕೆ ಈ ಪ್ರಶ್ನೆ ಅಪರಿಚಿತವಲ್ಲ.

೨

೧೯೯೧ರಲ್ಲಿ ಬಂದ ‘ಸ್ಟ್ರೀಟ್ ಫೈಟರ್ ೨’ ಈ ಪ್ರಕಾರಕ್ಕೆ ಮಾದರಿಯಾಯಿತು. ಎಂಟು ದಿಕ್ಕಿಗೆ ವಾಲುವ ಒಂದು ಹಿಡಿಕೆ, ಆರು ಗುಂಡಿಗಳು, ಆರಿಸಿಕೊಳ್ಳಲು ಎಂಟು ಮಂದಿ ಜಟ್ಟಿಗಳು, ಇಷ್ಟೇ ಅದರ ಸಾಮಗ್ರಿ. ಆದರೆ ಮುಖ್ಯವಾದ ವರಸೆಗಳು ಒಂದು ಗುಂಡಿಗೆ ಒದಗುವಂಥವಾಗಿರಲಿಲ್ಲ. ರ್‍ಯೂ ಎಂಬ ಜಟ್ಟಿಯ ‘ಹಡೋಕೆನ್’ ಎಂಬ ತೇಜದ ಉಂಡೆ ಹೊರಡಬೇಕಾದರೆ ಹಿಡಿಕೆಯನ್ನು ಕೆಳಕ್ಕೂ, ಅಲ್ಲಿಂದ ಓರೆಯಾಗಿ ಮುಂದಕ್ಕೂ, ಬಳಿಕ ನೇರ ಮುಂದಕ್ಕೂ ಒಂದೇ ಓಟದಲ್ಲಿ ಹೊರಳಿಸಿ ಗುದ್ದಿನ ಗುಂಡಿಯನ್ನು ಒತ್ತಬೇಕು. ಒಂದು ಏಟಿನ ಬೆನ್ನಿಗೆ ಮತ್ತೊಂದನ್ನು, ಎದುರಾಳಿ ತಡೆಯಲಾರದಂತೆ, ಪೋಣಿಸುವ ‘ಕಾಂಬೋ’ ಎಂಬುದಂತೂ ತಯಾರಕರು ಯೋಜಿಸಿದ್ದಲ್ಲ. ಆಟವನ್ನು ಸಿದ್ಧಪಡಿಸುವ ಕಾಲದಲ್ಲಿ ಆಕಸ್ಮಿಕವಾಗಿ ಕಂಡುಬಂದು, ತೆಗೆದುಹಾಕದೆ ಉಳಿಸಿಕೊಂಡದ್ದು. ಈ ಆಕಸ್ಮಿಕವೇ ಮುಂದಿನ ಆಟಗಳಲ್ಲಿ ಒಂದು ಶಾಸ್ತ್ರವಾಗಿ ಬೆಳೆಯಿತು.

ಹೀಗಿದ್ದೂ ಅಂದಿನ ಹೊಸಬನು ಕಲಿತನು. ನಾಣ್ಯ ಹಾಕಿ ಆಡುವ ಆರ್ಕೇಡುಗಳಲ್ಲಿ ಗೆದ್ದವನು ಯಂತ್ರದ ಮುಂದೆ ಉಳಿಯುವನು. ಸೋತವನು ಮತ್ತೆ ನಾಣ್ಯ ತೆತ್ತು ಸರದಿಗೆ ಕಾಯುವನು. ಆ ಕಾಯುವಿಕೆಯೇ ಪಾಠವಾಗಿತ್ತು, ಏಕೆಂದರೆ ನಿಂತು ನೋಡುವುದಕ್ಕೆ ಖರ್ಚಿರಲಿಲ್ಲ. ಅಮೆರಿಕದಲ್ಲಿ ಇಬ್ಬರೂ ಒಂದೇ ಯಂತ್ರದ ಮುಂದೆ ಭುಜಕ್ಕೆ ಭುಜ ತಾಗುವಂತೆ ನಿಲ್ಲುತ್ತಿದ್ದುದರಿಂದ ಬಲ್ಲವನ ಕೈಚಳಕ ಪಕ್ಕದವನಿಗೆ ಕಾಣುತ್ತಿತ್ತು. ಜಪಾನಿನಲ್ಲಿ ಎರಡು ಯಂತ್ರಗಳನ್ನು ಬೆನ್ನಿಗೆ ಬೆನ್ನು ಜೋಡಿಸುವ ಪದ್ಧತಿ ಬಂದಿತಾದರೂ ನೋಡುವವರ ಗುಂಪು ಅಲ್ಲಿಯೂ ಇತ್ತು. ಆಟದ ಒಳಗೆ ಗುರುವಿರಲಿಲ್ಲ, ಆಟದ ಸುತ್ತಲೂ ಇದ್ದನು. ಆ ಕಾಲವನ್ನು ಸುವರ್ಣಯುಗವೆಂದು ಬಣ್ಣಿಸುವುದು ಚರಿತ್ರೆಯ ವಿದ್ಯಾರ್ಥಿಗೆ ಉಚಿತವಲ್ಲ. ಕೈಯಲ್ಲಿ ನಾಣ್ಯವಿಲ್ಲದವನಿಗೂ ಗುಂಪಿಗೆ ಅಳುಕುವವನಿಗೂ ಆ ಶಾಲೆ ಎಟುಕುತ್ತಿರಲಿಲ್ಲ. ಆದರೂ ಆಟವು ಮನೆಗೆ, ಅನಂತರ ಅಂತರ್ಜಾಲಕ್ಕೆ, ಸಾಗಿದಾಗ ಶಾಲೆಯು ಹಿಂದೆ ಉಳಿದು ಕಷ್ಟವು ಮಾತ್ರ ಜೊತೆಯಲ್ಲಿ ಬಂದಿತೆಂಬುದು ಗಮನಾರ್ಹ. ೨೦೧೬ರ ‘ಸ್ಟ್ರೀಟ್ ಫೈಟರ್ ೫’ ಒಬ್ಬನೇ ಕುಳಿತು ಆಡುವ ಆರ್ಕೇಡ್ ವಿಭಾಗವೂ ಇಲ್ಲದೆ ಮಾರುಕಟ್ಟೆಗೆ ಬಂದು, ಅದನ್ನು ೨೦೧೮ರಲ್ಲಿ ಸೇರಿಸಿಕೊಂಡದ್ದು ಈ ಉಪೇಕ್ಷೆಗೆ ಸಾಕ್ಷಿ.

೩

ದೂರಿಗೆ ದೊರೆತ ಮೊದಲ ಬಗೆಯ ಉತ್ತರವೆಂದರೆ ಕೈಯ ಕೆಲಸವನ್ನು ಕಡಿಮೆ ಮಾಡುವುದು. ೧೯೯೯ರಲ್ಲಿ ನಿಂಟೆಂಡೋ ಸಂಸ್ಥೆ ಪ್ರಕಟಿಸಿದ, ಮಸಾಹಿರೋ ಸಕುರಾಯ್ ನಿರ್ದೇಶನದ ‘ಸೂಪರ್ ಸ್ಮಾಶ್ ಬ್ರದರ್ಸ್’ ಆಟದಲ್ಲಿ ಹೊರಳಿಸುವ ಸಂಜ್ಞೆಗಳೇ ಇಲ್ಲ; ಒಂದು ದಿಕ್ಕು, ಒಂದು ಗುಂಡಿ, ಅಷ್ಟರಿಂದಲೇ ವರಸೆ ಹೊರಡುತ್ತದೆ. ಮಕ್ಕಳೂ ಆಡಿದರು. ಆದರೆ ಅದರ ಮುಂದಿನ ಆಟವಾದ ೨೦೦೧ರ ‘ಮೆಲೀ’ಯನ್ನು ಪಂದ್ಯಗಳಲ್ಲಿ ಆಡುವವರು ಬೆಳೆಸಿದ ಕೈಚಳಕವು ಈ ಪ್ರಕಾರದಲ್ಲೇ ಅತ್ಯಂತ ದುಸ್ಸಾಧ್ಯವಾದುವುಗಳಲ್ಲಿ ಒಂದೆಂದು ಎಣಿಸಲ್ಪಡುತ್ತದೆ. ೨೦೧೯ರ ‘ಫ್ಯಾಂಟಸಿ ಸ್ಟ್ರೈಕ್’ ಇನ್ನೂ ಮುಂದೆ ಹೋಗಿ, ಕುಕ್ಕರಿಸುವ ಭಂಗಿಯನ್ನೇ ತೆಗೆದುಹಾಕಿ, ಎಲ್ಲ ವರಸೆಗಳನ್ನೂ ಒಂದೊಂದು ಗುಂಡಿಗೆ ಒಪ್ಪಿಸಿತು. ಎದುರಾಳಿ ಹಿಡಿದೆಸೆಯಲು ಬಂದಾಗ ಕೈಗಳನ್ನು ಸುಮ್ಮನೆ ಬಿಟ್ಟುಕೊಂಡಿರುವುದೇ ಅದರಲ್ಲಿ ಸರಿಯಾದ ಪ್ರತೀಕಾರ. ಇಷ್ಟಾದರೂ ಅನುಭವಿಯ ಎದುರಿಗೆ ಹೊಸಬನು ಅಲ್ಲಿಯೂ ಸೋಲುತ್ತಾನೆ. ಕೈಯ ಕಷ್ಟವನ್ನು ಬಹುಮಟ್ಟಿಗೆ ಕಳೆದ ಮೇಲೂ ಒಂದು ದೊಡ್ಡ ಶೇಷವು ಉಳಿಯುತ್ತದೆಂಬುದು ಇದರಿಂದ ಸಿದ್ಧವಾಗುತ್ತದೆ.

ಆ ಶೇಷವು ಯಾವುದು? ತೆರೆಯ ಚಿತ್ರವು ಸೆಕೆಂಡಿಗೆ ೬೦ ಬಾರಿ ಬದಲಾಗುತ್ತದೆ. ಅದರ ಒಂದೊಂದು ಘಟಕಕ್ಕೆ ಫ್ರೇಮ್ ಎಂದು ಹೆಸರು. ಹಗುರವಾದ ಗುದ್ದು ಸುಮಾರು ನಾಲ್ಕು ಫ್ರೇಮುಗಳಲ್ಲಿ, ಎಂದರೆ ಸೆಕೆಂಡಿನ ಹದಿನೈದನೆಯ ಒಂದು ಭಾಗದಲ್ಲಿ, ತಾಗುತ್ತದೆ. ಕಣ್ಣು ಕಂಡುದಕ್ಕೆ ಕೈ ಉತ್ತರ ಕೊಡಲು ಸುಮಾರು ಕಾಲು ಸೆಕೆಂಡು ಬೇಕು. ಆದುದರಿಂದ ಅಂಥ ಏಟನ್ನು ಕಂಡು ತಡೆಯುವುದು ಯಾರಿಂದಲೂ ಸಾಧ್ಯವಿಲ್ಲ. ಅದು ಬರುವುದೆಂದು ಮೊದಲೇ ಊಹಿಸಿರಬೇಕು. ಇನ್ನು ಮೇಲಕ್ಕೆ ಚಿಮ್ಮುವ ‘ಶೋರ್‍ಯುಕೆನ್’ ಎಂಬ ಗುದ್ದನ್ನು ತಡೆದಾಗ ಅದನ್ನು ಎಸಗಿದವನು ಕೆಲಕಾಲ ಅಸಹಾಯನಾಗಿ ತೆರೆದುಕೊಂಡಿರುತ್ತಾನೆ. ಬಲ್ಲವನಿಗೆ ಅದು ಕೈಗೆ ಬಂದ ಗೆಲುವು. ಹೊಸಬನಿಗೆ ತನ್ನ ಸರದಿ ಬಂದಿದೆಯೆಂಬುದೇ ತಿಳಿಯದು. ಅವನು ಇನ್ನೂ ತಡೆಯುತ್ತಲೇ ಇರುತ್ತಾನೆ, ಮತ್ತೆ ಏಟು ತಿನ್ನುತ್ತಾನೆ. ಚದುರಂಗದಲ್ಲಿ ಸೋತವನ ಮುಂದೆ ಮಣೆಯೂ ಕಾಯಿಗಳೂ ಇರುತ್ತವೆ, ಹಿಂದಿರುಗಿ ನೋಡಬಹುದು. ಇಲ್ಲಿಯಾದರೋ ಸೋಲಿನ ಕಾರಣವು ಕಣ್ಣು ಮಿಟುಕಿಸುವಷ್ಟರಲ್ಲಿ ಕಳೆದುಹೋಗಿರುತ್ತದೆ. ಹೊಸಬನನ್ನು ಓಡಿಸುವುದು ಸೋಲಲ್ಲ, ಅರ್ಥವಾಗದ ಸೋಲು.

೪

ಈ ಒರೆಗಲ್ಲಿನ ಮೇಲೆ ‘ಸ್ಟ್ರೀಟ್ ಫೈಟರ್ ೬’ನ್ನು ಉಜ್ಜಿ ನೋಡೋಣ. ಅದರ ‘ಮಾಡರ್ನ್’ ಎಂಬ ಕ್ರಮದಲ್ಲಿ ಒಂದು ಗುಂಡಿ ಹಾಗೂ ಒಂದು ದಿಕ್ಕಿನಿಂದ ವಿಶೇಷ ವರಸೆಗಳು ಹೊರಡುತ್ತವೆ. ಇದಕ್ಕೆ ಪ್ರತಿಯಾಗಿ ಆಟಗಾರನು ಕೆಲವು ಸಾಮಾನ್ಯ ಏಟುಗಳನ್ನು ಬಿಟ್ಟುಕೊಡಬೇಕು. ಹೀಗೆ ಹೊರಟ ವರಸೆಯ ಪೆಟ್ಟು ನೂರಕ್ಕೆ ೮೦ರಷ್ಟಕ್ಕೆ ಇಳಿಯುತ್ತದೆ. ಹಳಬರಲ್ಲಿ ಹಲವರು ಇದನ್ನು ಅನ್ಯಾಯವೆಂದು ಆಕ್ಷೇಪಿಸಿದರು. ಹಿಡಿಕೆಯನ್ನು ಹೊರಳಿಸಲು ಬೇಕಾದ ಕ್ಷಣವೂ ಆಟದ ತೂಕಕ್ಕೆ ಸೇರಿದ್ದೆಂಬ ಅವರ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಉಳಿಸಿದ ಕ್ಷಣಕ್ಕೆ ಬೆಲೆ ಕಟ್ಟಿ ವಸೂಲು ಮಾಡಿರುವುದರಿಂದ ಇದು ದಾನವಲ್ಲ, ವಿನಿಮಯ. ಕೈಯನ್ನು ಸಾಧಿಸುವ ಮೊದಲೇ ದೂರ, ಕಾಲ, ಊಹೆಗಳ ವಿಚಾರಕ್ಕೆ ಹೊಸಬನನ್ನು ಕರೆತರುವ ಈ ಕ್ರಮವು ಸಮರ್ಥನೀಯವೆಂದೇ ನನ್ನ ಅಭಿಪ್ರಾಯ.

ನಮ್ಮ ಗರಡಿಯವರು ಜೋಡಿ ಕಟ್ಟುವುದೆನ್ನುವ ಕೆಲಸವನ್ನು ಇಲ್ಲಿ ಶ್ರೇಣಿಯ ಪದ್ಧತಿ ನೆರವೇರಿಸುತ್ತದೆ. ಪ್ರತಿಯೊಬ್ಬ ಜಟ್ಟಿಗೂ ಬೇರೆಯದೇ ಶ್ರೇಣಿಯಿರುವುದರಿಂದ ಹಳಬನೂ ಹೊಸ ಜಟ್ಟಿಯನ್ನು ಹಿಡಿದಾಗ ಕೆಳಗಿನಿಂದ ಕಲಿಯಬಹುದು. ‘ಬ್ಯಾಟಲ್ ಹಬ್’ ಎಂಬ ಕಲ್ಪಿತ ಸಭಾಂಗಣದಲ್ಲಿ ಇತರರ ಪಂದ್ಯವನ್ನು ಯಂತ್ರದ ಬಳಿ ನಿಂತು ನೋಡಬಹುದು. ಕಳೆದುಹೋದ ಆರ್ಕೇಡನ್ನು ಮರಳಿ ಕಟ್ಟುವ ಪ್ರಯತ್ನವಿದು, ಸ್ತುತ್ಯವಾದುದು.

ದೋಷವಿರುವುದು ‘ವರ್ಲ್ಡ್ ಟೂರ್’ ಎಂಬ ಕಥಾಭಾಗದಲ್ಲಿ. ಅಲ್ಲಿ ಪಿಟ್ಜಾ ಅಂಗಡಿಯ ಕೂಲಿಯ ನೆಪದಲ್ಲಿ ಹಿಡಿಕೆಯ ಸಂಜ್ಞೆಗಳನ್ನು ಕಲಿಸುವ ಉಪಾಯವು ಚೆಲುವಾಗಿದೆ. ಆದರೆ ನಾಯಕನ ಬಲವು ಅವನು ಗಳಿಸಿದ ಮಟ್ಟದಿಂದಲೂ ತೊಟ್ಟ ಬಟ್ಟೆಯಿಂದಲೂ ಹೆಚ್ಚುತ್ತದೆ; ಏಟು ತಿಂದಾಗ ಆಹಾರ ಸೇವಿಸಿ ಚೇತರಿಸಿಕೊಳ್ಳಬಹುದು. ಹಾಗೆ ಗೆದ್ದವನು ಮನುಷ್ಯನ ಎದುರಿಗೆ ಬಂದಾಗ ಆ ಗೆಲುವುಗಳಲ್ಲಿ ಹೆಚ್ಚಿನವು ಉಪಯೋಗಕ್ಕೆ ಬಾರವು. ಫ್ರೇಮುಗಳನ್ನು ಪಟ್ಟಿಯಾಗಿ ತೋರಿಸುವ ಉತ್ತಮವಾದ ಸಾಧನವು ತಾಲೀಮಿನ ಕೊಠಡಿಯಲ್ಲಿದೆ ನಿಜ. ಆದರೆ ಅದನ್ನು ಓದಬಲ್ಲವನಿಗಷ್ಟೇ ಅದರ ಪ್ರಯೋಜನ. ಪಂದ್ಯ ಮುಗಿದ ಕೂಡಲೇ ಸೋತವನಿಗೆ ಎದುರಾಗುವುದು ಅಂಕಗಳ ಲೆಕ್ಕ ಮತ್ತು ಮತ್ತೊಮ್ಮೆ ಆಡುವೆಯಾ ಎಂಬ ಪ್ರಶ್ನೆ. ಈ ವಿಷಯದಲ್ಲಿ ೨೦೨೪ರ ಜನವರಿಯಲ್ಲಿ ಬಂದ ‘ಟೆಕ್ಕೆನ್ ೮’ ಹೆಚ್ಚು ತಿಳಿವಳಿಕೆ ತೋರಿದೆ. ಅದು ಮುಗಿದ ಪಂದ್ಯವನ್ನು ಮರಳಿ ತೋರಿಸುತ್ತ, ಇಲ್ಲಿ ತಿರುಗಿ ಹೊಡೆಯುವ ಅವಕಾಶವಿತ್ತು, ಈ ಏಟು ಸಲ್ಲುತ್ತಿತ್ತು ಎಂದು ಸೂಚಿಸುತ್ತದೆ. ಆಟಗಾರನು ಅದೇ ಕ್ಷಣದಲ್ಲಿ ಹಿಡಿಕೆಯನ್ನು ಕೈಗೆ ತೆಗೆದುಕೊಂಡು ಆ ಏಟನ್ನು ಪ್ರಯೋಗಿಸಿ ನೋಡಬಹುದು. ಆರ್ಕೇಡಿನಲ್ಲಿ ಪಕ್ಕದಲ್ಲಿ ನಿಂತಿದ್ದ ಬಲ್ಲವನ ಕೆಲಸವಿದು.

ಒಟ್ಟಿನಲ್ಲಿ ‘ಸ್ಟ್ರೀಟ್ ಫೈಟರ್ ೬’ ಬಾಗಿಲನ್ನು ತೆರೆದಿದೆ, ಹಜಾರದಲ್ಲಿ ಕುಳ್ಳಿರಿಸಿ ಉಪಚರಿಸಿದೆ. ಕಲಿಸುವ ಕೆಲಸವನ್ನು ಅರ್ಧಕ್ಕೆ ಬಿಟ್ಟಿದೆ. ಇನ್ನು ಮುಂದೆ ಬರುವ ಆಟಗಳ ಬೆಲೆಯನ್ನು ಗುಂಡಿಗಳ ಸಂಖ್ಯೆಯಿಂದ ಅಳೆಯದೆ, ಹತ್ತು ಬಾರಿ ಸೋತ ಹೊಸಬನು ಹತ್ತನೆಯ ಸೋಲಿನ ಕಾರಣವನ್ನು ತನ್ನ ಮಾತಿನಲ್ಲಿ ಹೇಳಬಲ್ಲನೇ ಎಂದು ವಿಚಾರಿಸುವುದು ಯುಕ್ತ. ಹೇಳಬಲ್ಲವನಾದರೆ ಅವನು ಹನ್ನೊಂದನೆಯ ಬಾರಿಯೂ ಆಡುವನು.