ಇಳಿಯುವುದೇ ಬಸ್ಕಿ

ಪೈಲ್ವಾನನ ಯೋಗ್ಯತೆ ತಿಳಿಯಲು ದಸರಾ ಕುಸ್ತಿಯವರೆಗೆ ಕಾಯಬೇಕಿಲ್ಲ. ಬೆಳಗಿನ ಹೊತ್ತು ಮೈಸೂರಿನ ಯಾವುದಾದರೂ ಗರಡಿಮನೆಯ ಗಿಡ್ಡ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಹೋಗಿ, ಹುಡುಗರು ಮಟ್ಟಿಗೆ ಇಳಿಯುವ ಮುನ್ನ ಸಾಮು ಮಾಡುವುದನ್ನು ಒಂದಷ್ಟು ಹೊತ್ತು ನೋಡಿದರೆ ಸಾಕು. ದಂಡ ಹೊಡೆಯುವವರು ಕಣ್ಸೆಳೆಯುತ್ತಾರೆ, ಗದೆ ತಿರುಗಿಸುವವರು ಇನ್ನೂ ಹೆಚ್ಚು. ನನ್ನ ಕಣ್ಣು ಮಾತ್ರ ಮೂಲೆಯಲ್ಲಿ ಬಸ್ಕಿ ಹೊಡೆಯುವವನ ಮೇಲೆಯೇ ನಿಲ್ಲುತ್ತದೆ.

ಪಳಗಿದವನು ಇಳಿಯುವ ಬಗೆಯೇ ಬೇರೆ. ಕೈಗಳು ಹಿಂದಕ್ಕೆ ಬೀಸುತ್ತವೆ, ಸೊಂಟ ನೇರ ಕೆಳಗೆ ಬರುತ್ತದೆ, ತಳ ಮುಟ್ಟುವ ಹೊತ್ತಿಗೆ ಹಿಮ್ಮಡಿ ಎದ್ದು ಭಾರವೆಲ್ಲ ಕಾಲ್ಬೆರಳ ಬುಡಕ್ಕೆ ಸರಿದಿರುತ್ತದೆ. ಕಣ್ಣು ಎದುರಿನ ಆಂಜನೇಯನ ಪಟ ಬಿಟ್ಟು ಕದಲಿರುವುದಿಲ್ಲ. ಪಕ್ಕದ ಹೊಸಬನನ್ನು ನೋಡಿ: ಅರ್ಧ ದೂರ ಇಳಿಯುತ್ತಾನೆ, ಉಳಿದರ್ಧ ಬೀಳುತ್ತಾನೆ, ಬಿದ್ದ ರಭಸದಲ್ಲೇ ಪುಟಿದು ಎದ್ದುಬಿಡುತ್ತಾನೆ. ಎಣಿಕೆಯಲ್ಲಿ ಇಬ್ಬರದೂ ಒಂದೊಂದೇ. ವಸ್ತಾದರ ಲೆಕ್ಕದಲ್ಲಿ ಎರಡನೆಯವನು ಇನ್ನೂ ಶುರುವನ್ನೇ ಮಾಡಿಲ್ಲ.

ಬಸ್ಕಿಯ ರುಚಿಯೆಲ್ಲ ಇರುವುದು ಇಳಿಯುವುದರಲ್ಲಿ. ಏಳುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಕೆಲಸ ಮಾಡಿದರೆ, ಇಳಿಯುವಾಗ ಹಿಗ್ಗುತ್ತಾ ಕೆಲಸ ಮಾಡುತ್ತದೆ. ಬಾವಿಗೆ ಕೊಡ ಬಿಡುವಾಗ ಹಗ್ಗವನ್ನು ಒಂದೇ ಸಲ ಕೈಬಿಡದೆ, ಹಿಡಿದು ಹಿಡಿದು ಸಡಿಲಿಸುವ ಹಾಗೆ. ಮೈ ಬಲ್ಲ ಕೆಲಸಗಳಲ್ಲೆಲ್ಲ ಇದು ಸೂಕ್ಷ್ಮವಾದದ್ದು, ಸ್ನಾಯುವಿಗೆ ಹೆಚ್ಚು ಕಸುವು ಕೊಡುವಂಥದ್ದು, ಹಾಗೆಯೇ ಮರುದಿನ ಹೆಚ್ಚು ನೋಯಿಸುವಂಥದ್ದು. ಬಹಳ ದಿನಗಳ ಮೇಲೆ ಬಸ್ಕಿ ಹೊಡೆದವರಿಗೆ ಮಹಡಿ ಹತ್ತುವುದಕ್ಕಿಂತ ಇಳಿಯುವುದು ಕಷ್ಟವಾಗುವುದು ಇದೇ ಕಾರಣಕ್ಕೆ. ನೋವು 24ರಿಂದ 72 ಗಂಟೆಗಳ ನಡುವೆ ಏರಿ, ತಾನಾಗಿ ಇಳಿಯುತ್ತದೆ. ಅದಕ್ಕೆ ಹೆದರಬೇಕಿಲ್ಲ.

ವ್ಯಾಯಾಮದ ಮೂಲಪಾಠಗಳು ಬಹಳವೇನಿಲ್ಲ. ಕೂತು ಏಳುವುದು, ಬಗ್ಗಿ ಎತ್ತುವುದು, ತಳ್ಳುವುದು, ಎಳೆಯುವುದು, ಹೊತ್ತು ನಡೆಯುವುದು: ಈ ಐದರಲ್ಲೇ ಬಹುಪಾಲು ಮುಗಿಯಿತು. ಗರಡಿಯಲ್ಲಿ ತಳ್ಳುವುದಕ್ಕೆ ದಂಡವಿದೆ, ಎಳೆಯುವುದಕ್ಕೆ ಹಗ್ಗವಿದೆ, ಎತ್ತುವುದಕ್ಕೆ ಕಲ್ಲುಗುಂಡಿದೆ. ಬಾಗಲಕೋಟೆ, ವಿಜಯಪುರದ ಕಡೆಯ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವರನ್ನು ನೋಡಿದವರಿಗೆ ಗೊತ್ತು: ಕಲ್ಲು ಏಳುವುದು ತೋಳಿನಿಂದಲ್ಲ, ತೊಡೆಯಿಂದ. ಅದಕ್ಕೇ ಐದರಲ್ಲಿ ಮೊದಲ ಮಣೆ ಕೂತು ಏಳುವುದಕ್ಕೆ. ಮನುಷ್ಯನ ದೊಡ್ಡ ಸ್ನಾಯುಗಳಲ್ಲಿ ಬಹುಪಾಲು ಸೊಂಟದ ಸುತ್ತ ಮತ್ತು ತೊಡೆಯಲ್ಲಿವೆ. ಅವನ್ನು ದುಡಿಸಿದರೆ ಎದೆಬಡಿತ ಏರುತ್ತದೆ, ದಮ್ಮು ಬೆಳೆಯುತ್ತದೆ. ಸಲಕರಣೆ ಬೇಡ, ಮೈದಾನ ಬೇಡ, ಎರಡು ಅಡಿ ಜಾಗ ಸಾಕು.

ಇಷ್ಟು ಒಳ್ಳೆಯ ವಿದ್ಯೆಯನ್ನು ನಾವು ಶಾಲೆಗಳಲ್ಲಿ ಏನು ಮಾಡಿದೆವು? ದಂಡನೆ ಮಾಡಿದೆವು. ಹೋಮ್‌ವರ್ಕ್ ತರದವನಿಗೆ ಬಸ್ಕಿ, ತಡವಾಗಿ ಬಂದವಳಿಗೆ ಬಸ್ಕಿ. ವಾರಕ್ಕೆ ಬರುವ ಪಿ.ಟಿ. ಪೀರಿಯಡ್ಡುಗಳಲ್ಲಿ ಒಂದೆರಡನ್ನು ಗಣಿತದ ಮೇಷ್ಟ್ರು ನುಂಗಿದರೆ, ಉಳಿದದ್ದರಲ್ಲಿ ವಿಶ್ರಾಮ್, ಸಾವಧಾನ್ ಮುಗಿಸಿ ಚೆಂಡು ಎಸೆದು ಬಿಡುವುದು. ಮಗು ಹೇಗೆ ಕೂರುತ್ತದೆ, ಅದರ ಮಂಡಿ ಒಳಕ್ಕೆ ವಾಲುತ್ತದೆಯೋ ಪಾದ ಚಪ್ಪಟೆಯೋ ಎಂದು ಯಾರೂ ಬಗ್ಗಿ ನೋಡುವುದಿಲ್ಲ. ಶಾಲೆಯಲ್ಲಿ ದೈಹಿಕ ದಂಡನೆಯನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ನಿಷೇಧಿಸಿದೆ. ಕಾನೂನಿನ ಮಾತು ಹಾಗಿರಲಿ, ಅಭ್ಯಾಸವಿಲ್ಲದ ಮಗುವಿನಿಂದ ಒಂದೇ ಏಟಿಗೆ ನೂರಾರು ಬಸ್ಕಿ ಹೊಡೆಸಿದರೆ ಸ್ನಾಯುವಿನ ಎಳೆಗಳು ಒಡೆದು, ಅದರೊಳಗಿನ ವಸ್ತು ರಕ್ತಕ್ಕೆ ಸೇರಿ, ಮೂತ್ರಪಿಂಡಕ್ಕೇ ಪೆಟ್ಟು ಬೀಳಬಹುದು. ಮೂತ್ರ ಕಪ್ಪುಚಹಾದ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇನ್ನು ಗಣಪತಿಯ ಮುಂದೆ ಕಿವಿ ಹಿಡಿದು ಹೊಡೆಯುವ ಬಸ್ಕಿ. ಇದನ್ನೇ ‘ಸೂಪರ್ ಬ್ರೈನ್ ಯೋಗ’ ಎಂದು ಹೆಸರಿಟ್ಟು, ಕಿವಿಯ ಹಾಲೆ ಹಿಡಿದರೆ ಬುದ್ಧಿ ಚುರುಕಾಗುತ್ತದೆಂದು ವಿದೇಶಗಳಲ್ಲೂ ಪ್ರಚಾರ ಮಾಡಿದ್ದಾರೆ. ಬುದ್ಧಿಯ ಮಾತನ್ನು ನಾನು ಒಪ್ಪಲಾರೆ. ಕೈ ಕಟ್ಟಿದಂತಾಗಿ ತೋಲನ ಕಷ್ಟವಾಗುವುದರಿಂದ ಕಾಲಿಗಂತೂ ಒಳ್ಳೆಯ ಕಸರತ್ತು. ವಿಘ್ನೇಶ್ವರನಿಗೆ ಅಷ್ಟು ಸಾಕು.

ಮಕ್ಕಳಿಗೆ ದಂಡನೆಯಾದ ಬಸ್ಕಿ ದೊಡ್ಡವರಿಗೆ ಭಯವಾಗಿದೆ. ‘ಪೂರ್ತಿ ಕೂತರೆ ಮಂಡಿ ಸವೆಯುವುದಿಲ್ಲವೇ?’ ಎಂದು ಕೇಳದವರಿಲ್ಲ. ಈ ಭಯಕ್ಕೂ ಒಂದು ಇತಿಹಾಸವಿದೆ. ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದ ಕಾರ್ಲ್ ಕ್ಲೈನ್ ಎಂಬುವರು 1961ರಲ್ಲಿ, ಆಳವಾಗಿ ಕೂತೇಳುವ ಭಾರ ಎತ್ತುವವರ ಮಂಡಿಯ ಕಟ್ಟುಗಳು ಸಡಿಲವಾಗುತ್ತವೆಂದು ಬರೆದರು. ಮಾತು ಜಗತ್ತನ್ನೇ ಸುತ್ತಿತು. ಮುಂದೆ ಅದೇ ಪ್ರಶ್ನೆಯನ್ನು ಪರೀಕ್ಷಿಸಿದವರಿಗೆ ಆ ಸಡಿಲಿಕೆ ಕಾಣಲಿಲ್ಲ. ಆದರೂ ಭಯ ಉಳಿಯಿತು. ಮಂಡಿ ಕಾಲಿನ ಹೆಬ್ಬೆರಳು ದಾಟಬಾರದೆಂದು ಜಿಮ್ಮುಗಳಲ್ಲಿ ಹೇಳುವ ನಿಯಮವೂ ಇಂಥದ್ದೇ. ಮಂಡಿಯನ್ನು ಬಲವಂತವಾಗಿ ಹಿಂದೆಯೇ ತಡೆದರೆ ಅದರ ಹೊರೆ ಸ್ವಲ್ಪ ಇಳಿಯುವುದು ನಿಜ. ಆದರೆ ಮೈ ಮುಂದಕ್ಕೆ ಬಾಗಿ, ಇಳಿದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಹೊರೆ ಸೊಂಟದ ಕೀಲಿಗೆ ಬೀಳುತ್ತದೆಂದು 2003ರ ಒಂದು ಅಧ್ಯಯನ ಅಳೆದು ತೋರಿಸಿತು. ಆರೋಗ್ಯವಾಗಿರುವ ಮಂಡಿಗೆ ಮಡಚುವುದು ಹೊಸತಲ್ಲ. ಆಗಲೇ ನೋವಿರುವವರು, ಕೀಲು ಬದಲಿಸಿಕೊಂಡವರು, ಗರ್ಭಿಣಿಯರು, ಹತೋಟಿಗೆ ಬಾರದ ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಮಂಡಿ ಸವೆಯುವ ಚಿಂತೆಗಿಂತ ಮಂಡಿ ಮಡಚದೆ ಹೋಗುವ ಚಿಂತೆ ದೊಡ್ಡದು. ನೆಲದ ಮೇಲೆ ಎಲೆ ಹಾಕಿಸಿಕೊಂಡು ಉಣ್ಣುತ್ತಿದ್ದ, ಕುಕ್ಕರಗಾಲಲ್ಲಿ ಕೂತು ರಂಗೋಲಿ ಬಿಡುತ್ತಿದ್ದ, ಪಾತ್ರೆ ತಿಕ್ಕುತ್ತಿದ್ದ ಮನೆಗಳಲ್ಲಿ ದಿನಕ್ಕೆಷ್ಟೋ ಬಸ್ಕಿಗಳು ಲೆಕ್ಕಕ್ಕೆ ಸಿಗದೆ ನಡೆದುಹೋಗುತ್ತಿದ್ದವು. ಊಟದ ಮೇಜು, ಸೋಫಾ, ಕಮೋಡು ಬಂದ ಮೇಲೆ ಅವೆಲ್ಲ ನಿಂತವು. ಬ್ರೆಜಿಲ್‌ನ ವೈದ್ಯ ಕ್ಲಾಡಿಯೊ ಗಿಲ್ ಅರಾಉಜೊ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ನೆನಪಿಡುವಂಥದ್ದು. 51ರಿಂದ 80 ವಯಸ್ಸಿನ 2002 ಮಂದಿಯನ್ನು ಬರಿಗಾಲಲ್ಲಿ ನೆಲಕ್ಕೆ ಕೂತು ಏಳಲು ಹೇಳಿದರು. ಕೂರಲು ಐದು ಅಂಕ, ಏಳಲು ಐದು. ಕೈಯೂರಿದರೆ, ಮಂಡಿಯೂರಿದರೆ ಒಂದೊಂದು ಅಂಕ ಕಡಿತ, ಓಲಾಡಿದರೆ ಅರ್ಧ. ನಂತರದ ಆರೇಳು ವರ್ಷಗಳಲ್ಲಿ ಕಡಿಮೆ ಅಂಕದವರ ಗುಂಪಿನಲ್ಲಿ ಸಾವುಗಳು ಹೆಚ್ಚಾಗಿದ್ದವು. ಕೈಯೂರಿ ಎದ್ದವರೆಲ್ಲ ಬೇಗ ಹೋಗುತ್ತಾರೆಂದು ಇದರ ಅರ್ಥವಲ್ಲ. ಶಕ್ತಿ, ತೋಲನ, ಬಾಗುವಿಕೆ ಮೂರೂ ಒಟ್ಟಿಗೆ ಎಷ್ಟು ಉಳಿದಿವೆ ಎಂಬುದನ್ನು ಒಂದೇ ಚಲನೆ ಹೇಳಿಬಿಡುತ್ತದೆ, ಅಷ್ಟೆ.

ಬಸ್ಕಿಯ ಮಾತು ಬಂದಾಗ ಗಾಮಾ ಪೈಲ್ವಾನರ ಹೆಸರು ಬರಲೇಬೇಕು. 1888ರಲ್ಲಿ ಜೋಧಪುರದ ರಾಜರು ನಡೆಸಿದ ಕಸರತ್ತಿನ ಸ್ಪರ್ಧೆಯಲ್ಲಿ ನಾನೂರಕ್ಕೂ ಹೆಚ್ಚು ಪೈಲ್ವಾನರ ನಡುವೆ, ಹತ್ತು ವರ್ಷದ ಈ ಹುಡುಗ ಬಸ್ಕಿ ಹೊಡೆಯುತ್ತಾ ಕೊನೆಯ ಹದಿನೈದು ಮಂದಿಯವರೆಗೂ ಉಳಿದನೆಂದೂ, ವಯಸ್ಸು ನೋಡಿ ರಾಜರು ಅವನನ್ನೇ ಗೆದ್ದವನೆಂದು ಸಾರಿದರೆಂದೂ ಕತೆಯಿದೆ. ಈ ಕತೆ ಕೇಳಿದ ಹುಡುಗರು ಸಾವಿರ ಬಸ್ಕಿಯ ಹಿಂದೆ ಬೀಳುತ್ತಾರೆ. ಗಾಮಾಗೆ ಕುಸ್ತಿಯ ಮನೆತನವಿತ್ತು, ಸಂಸ್ಥಾನದ ಊಟವಿತ್ತು, ಬೇರೆ ಕೆಲಸವಿರಲಿಲ್ಲ. ನಮಗೆ ಅವರ ಎಣಿಕೆ ಬೇಡ.

ನಮಗೆ ಹತ್ತಿರದ ಮಾದರಿ ಬೆಂಗಳೂರಿನ ಕೆ.ವಿ. ಅಯ್ಯರ್. ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕವನ್ನು 1930ರಲ್ಲಿ ಹೊರತಂದ, ಬಾರ್‌ಬೆಲ್ಲಿನ ಪಕ್ಕದಲ್ಲೇ ಹಠಯೋಗಕ್ಕೂ ಸೂರ್ಯನಮಸ್ಕಾರಕ್ಕೂ ಜಾಗ ಕೊಟ್ಟ ವ್ಯಾಯಾಮಪಟು. ಕನ್ನಡಿಗರಿಗೆ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಕೊಟ್ಟವರೂ ಅವರೇ. ಶಿಲ್ಪದಂಥ ಮೈಯನ್ನೂ ಮಾತನ್ನೂ ಒಂದೇ ಆಸ್ಥೆಯಿಂದ ತಿದ್ದಿದವರು. ವ್ಯಾಯಾಮಕ್ಕೂ ರಸಿಕತೆ ಬೇಕು ಎಂದರೆ ಯಾರಾದರೂ ನಕ್ಕರೆ ನಾನು ಅಯ್ಯರ್ ಅವರ ಹೆಸರು ಹೇಳುತ್ತೇನೆ.

ಈಗ ಕೆಲಸಕ್ಕೆ ಬರೋಣ. ಗರಡಿಯ ಬಸ್ಕಿಯಲ್ಲಿ ಹಿಮ್ಮಡಿ ಏಳುತ್ತದೆ, ವೇಗವಿದೆ. ಅದು ಪಳಗಿದ ಮಂಡಿಗೆ. ಹೊಸಬರು ಪಾದ ಪೂರ್ತಿ ನೆಲಕ್ಕೂರಿಯೇ ಶುರುಮಾಡಲಿ. ಕಾಲು ಭುಜದಗಲ, ಬೆರಳು ತುಸು ಹೊರಕ್ಕೆ. ಕುರ್ಚಿಯ ಮುಂದೆ ನಿಂತು, ಉಸಿರೆಳೆಯುತ್ತಾ ಮೂರೆಣಿಸುವಷ್ಟು ಹೊತ್ತಿನಲ್ಲಿ ಕುರ್ಚಿಯ ಅಂಚು ಮುಟ್ಟಿ. ಕೂರಬೇಡಿ, ಮುಟ್ಟಿ ಸಾಕು. ಮಂಡಿ ಬೆರಳಿನ ದಿಕ್ಕಿಗೇ ಹೋಗಲಿ, ಒಳಕ್ಕೆ ವಾಲದಿರಲಿ. ಉಸಿರು ಬಿಡುತ್ತಾ ಏಳಿ. ಇದು ಸಲೀಸಾದ ಮೇಲೆ ಕುರ್ಚಿ ಸರಿಸಿ, ಕಿಟಕಿಯ ಸರಳು ಹಿಡಿದು ಇನ್ನೂ ಆಳಕ್ಕೆ. ಹಿಮ್ಮಡಿ ಏಳುತ್ತಿದ್ದರೆ ಅದು ಮಂಡಿಯ ದೋಷವಲ್ಲ, ಪಾದದ ಗಿಣ್ಣು ಬಿಗಿದಿದೆ ಎಂದರ್ಥ. ಹಿಮ್ಮಡಿಯ ಕೆಳಗೆ ತೆಳ್ಳನೆಯ ಹಲಗೆ ಇಟ್ಟುಕೊಳ್ಳಿ. ಕೊನೆಗೆ ಐದು ಕಿಲೋ ಹಿಟ್ಟಿನ ಚೀಲವನ್ನು ಎದೆಗವಚಿಕೊಂಡು ಇಳಿಯಬಹುದು.

ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಕಸುವು ಕೊಡುವ ವ್ಯಾಯಾಮ ಮಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎರಡೋ ಮೂರೋ ದಿನ ಇಟ್ಟುಕೊಳ್ಳಿ, ನಡುವೆ ಒಂದು ದಿನ ಬಿಡಿ. ಒಂದು ಸುತ್ತಿಗೆ ಎಂಟು, ಅಂಥ ಮೂರು ಸುತ್ತು ಆರಂಭಕ್ಕೆ ಧಾರಾಳವಾಯಿತು. ಎಂಟಾಗಲೇಬೇಕೆಂಬ ಹಟ ಮಾತ್ರ ಬೇಡ: ಆರನೆಯದು ಮೊದಲನೆಯದರಷ್ಟೇ ನಿಧಾನವಾಗಿ ಇಳಿಯದಿದ್ದರೆ, ಆ ಸುತ್ತು ಐದಕ್ಕೇ ಮುಗಿಯಿತು.