ಅನ್ಯರು ತೆಗೆದ ಚಿತ್ರ, ನಮ್ಮವರ ತೀರ್ಪು

ಒಂದು ದೇಶದ ಚರಿತ್ರೆಯನ್ನು ಪರದೇಶೀಯರು ಚಲಚ್ಚಿತ್ರವಾಗಿ ತೆಗೆದಾಗ ಆ ದೇಶದ ಪ್ರೇಕ್ಷಕರು ಅದನ್ನು ಹೇಗೆ ಸ್ವೀಕರಿಸುತ್ತಾರೆ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ ಇಷ್ಟೆ: ಹೊಗಳಿದರೆ ಹಿಗ್ಗುತ್ತಾರೆ, ತೆಗಳಿದರೆ ಕೆರಳುತ್ತಾರೆ. ಈ ಉತ್ತರ ಸುಲಭವಾದುದು, ಪರೀಕ್ಷೆಗೆ ನಿಲ್ಲತಕ್ಕುದಲ್ಲ. ಆಂಗ್ಲ ನಿರ್ದೇಶಕ ರಿಚರ್ಡ್ ಅಟೆನ್‌ಬರೋ ಅವರ 'ಗಾಂಧಿ' (1982) ಭಾರತವನ್ನು ತೆಗಳಿದ ಚಿತ್ರವಲ್ಲ. ಭಾರತದ ಮಹಾಪುರುಷನನ್ನು ಲೋಕಕ್ಕೆಲ್ಲ ಗೌರವದಿಂದ ಪರಿಚಯಿಸಿದ ಚಿತ್ರ. ಆದರೂ ನಮ್ಮಲ್ಲಿ ಅದಕ್ಕೆ ದೊರೆತ ಆದರದ ಜೊತೆಯಲ್ಲಿಯೇ ಆಕ್ಷೇಪಣೆಗಳೂ ಹುಟ್ಟಿದುವು. ಇದಕ್ಕೆ ಕಾರಣವೇನೆಂದು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಹಿಂದಿನ ಸ್ಥಿತಿಯನ್ನು ನೆನೆಯಬೇಕು. 1938ರಲ್ಲಿ ಜೋಲ್ಟಾನ್ ಕೋರ್ಡಾ ಅವರ 'ದಿ ಡ್ರಮ್' ಮುಂಬಯಿಯಲ್ಲಿ ಪ್ರದರ್ಶಿತವಾದಾಗ ಜನರು ಪ್ರತಿಭಟಿಸಿದರು, ಚಿತ್ರವನ್ನು ಹಿಂತೆಗೆಯಬೇಕಾಯಿತು. ವಾಯವ್ಯ ಗಡಿನಾಡಿನ ಆ ಕಥೆಯಲ್ಲಿ ಬ್ರಿಟಿಷ್ ಸೈನ್ಯಕ್ಕೆ ಮಿತ್ರನಾಗಿ ನಿಲ್ಲುವ ರಾಜಕುಮಾರನೇ ಒಳ್ಳೆಯ ಭಾರತೀಯ. ಆ ಪಾತ್ರವನ್ನು ಧರಿಸಿದವನು ಮೈಸೂರು ಸೀಮೆಯ ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ ಸಾಬು ಎಂಬುದನ್ನು ಕನ್ನಡಿಗರು ಗಮನಿಸಬಹುದು. ಮರುವರ್ಷ ಬಂದ ಅಮೆರಿಕದ 'ಗಂಗಾ ದಿನ್' ಬಂಗಾಳ ಮತ್ತು ಮುಂಬಯಿ ಪ್ರಾಂತಗಳಲ್ಲಿ ನಿಷಿದ್ಧವಾಯಿತು. ಆ ಕಾಲದಲ್ಲಿ ಪ್ರೇಕ್ಷಕವರ್ಗದ ಕೂಗು ಬಹುಮಟ್ಟಿಗೆ ಒಂದೇ ಆಗಿತ್ತು. ಪರಾಧೀನವಾದ ದೇಶದಲ್ಲಿ ಇಂತಹ ಚಿತ್ರವು ಮಾನಾಪಮಾನದ ಪ್ರಶ್ನೆ. ಅಲ್ಲಿ ಕಲೆಯ ಸೂಕ್ಷ್ಮ ವಿವೇಚನೆಗೆ ಎಡೆಯಿಲ್ಲ.

'ಗಾಂಧಿ' ಬರುವ ವೇಳೆಗೆ ದೇಶ ಸ್ವತಂತ್ರವಾಗಿ ಮೂವತ್ತೈದು ವರ್ಷಗಳಾಗಿದ್ದುವು. ಅಟೆನ್‌ಬರೋ ಅವರು ಇಪ್ಪತ್ತು ವರ್ಷ ಈ ಚಿತ್ರಕ್ಕಾಗಿ ಹೆಣಗಿದ್ದರು. 1963ರಲ್ಲಿ ತಾವು ಕಂಡಾಗ ಜವಾಹರಲಾಲ್ ನೆಹರೂ ಅವರು, ಗಾಂಧೀಜಿಯವರನ್ನು ದೇವರನ್ನಾಗಿ ಮಾಡಬೇಡಿರೆಂದು ಹೇಳಿದರೆಂದು ಅವರೇ ತಿಳಿಸಿದ್ದಾರೆ. ವೆಚ್ಚದ ಒಂದು ಪಾಲನ್ನು ನಮ್ಮ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮವೇ ಒದಗಿಸಿತು. ಚಿತ್ರಕ್ಕೆ ಎಂಟು ಆಸ್ಕರ್ ಪ್ರಶಸ್ತಿಗಳು ಬಂದುವು; ವೇಷಭೂಷಣಕ್ಕಾಗಿ ಜಾನ್ ಮೊಲ್ಲೋ ಅವರೊಡನೆ ಪುರಸ್ಕೃತರಾದ ಭಾನು ಅಥೈಯಾ ಆ ಪ್ರಶಸ್ತಿಯನ್ನು ಪಡೆದ ಮೊದಲ ಭಾರತೀಯರಾದರು.

ಚಿತ್ರದ ಮೇಲಣ ಆಕ್ಷೇಪಣೆಗಳನ್ನು ಮೂರಾಗಿ ವಿಂಗಡಿಸಬಹುದು. ಮೊದಲನೆಯದು, ನಮ್ಮ ಹಣದಿಂದ ಪರದೇಶೀಯನು ನಮ್ಮ ಕಥೆಯನ್ನು ಹೇಳುವುದೇಕೆ ಎಂಬುದು. ಇದು ಚಿತ್ರವನ್ನು ನೋಡುವ ಮೊದಲೇ ಹುಟ್ಟಿದ ಆಕ್ಷೇಪಣೆ, ಆದುದರಿಂದ ವಿಮರ್ಶೆಯೆನಿಸಲಾರದು. ಹೇಳುವವನ ಹುಟ್ಟಿನಿಂದ ಹೇಳಿದುದರ ಬೆಲೆಯನ್ನು ಕಟ್ಟುವುದು ಸಹೃದಯನ ಮಾರ್ಗವಲ್ಲ.

ಎರಡನೆಯದು ಇದಕ್ಕಿಂತ ಗಂಭೀರವಾದುದು. ಈ ಚಿತ್ರದಲ್ಲಿ ಗಾಂಧೀಜಿಯವರನ್ನು ನೋಡುವ ಕಣ್ಣು ಬಹುಮಟ್ಟಿಗೆ ಪಾಶ್ಚಾತ್ಯರದು: ಆಂಡ್ರೂಸ್, ಮೀರಾಬೆನ್, ಅಮೆರಿಕದ ಛಾಯಾಗ್ರಾಹಕಿ ಮಾರ್ಗರೆಟ್ ಬರ್ಕ್-ವೈಟ್, ವಾಕರ್ ಎಂಬ ಕಲ್ಪಿತ ಪತ್ರಕರ್ತ. 1930ರ ಧರಾಸನದ ದೃಶ್ಯವನ್ನು ನೋಡಬಹುದು. ಸತ್ಯಾಗ್ರಹಿಗಳು ಸಾಲುಸಾಲಾಗಿ ಮುಂದುವರಿದು ಲಾಠಿಯ ಪೆಟ್ಟಿಗೆ ಉರುಳುತ್ತಾರೆ. ಹೆಂಗಸರು ಅವರನ್ನು ಎತ್ತಿ ಒಯ್ಯುತ್ತಾರೆ. ಇಷ್ಟರಲ್ಲಿಯೇ ದೃಶ್ಯವು ತನ್ನ ಮಾತನ್ನು ಹೇಳಿ ಮುಗಿಸಿರುತ್ತದೆ. ಆದರೆ ನಿರ್ದೇಶಕರು ಅದನ್ನು ಮುಗಿಸುವುದು ವಾಕರನ ದೂರವಾಣಿಯ ವರದಿಯಿಂದ. ಇದು ಅಸತ್ಯವೆನ್ನುವಂತಿಲ್ಲ, ಅಮೆರಿಕದ ವೆಬ್ ಮಿಲ್ಲರ್ ಅವರ ವರದಿಯಿಂದಲೇ ಆ ಸುದ್ದಿ ಲೋಕದಲ್ಲಿ ಹರಡಿತು. ದೋಷವಿರುವುದು ಸತ್ಯದಲ್ಲಲ್ಲ, ಔಚಿತ್ಯದಲ್ಲಿ. ಪೆಟ್ಟು ತಿಂದವನ ಮೌನಕ್ಕಿಂತ ಕಂಡವನ ಮಾತು ಅಲ್ಲಿ ಮೇಲಾಗುತ್ತದೆ. ಭಾರತೀಯ ಪ್ರೇಕ್ಷಕನು ತನ್ನವರ ತ್ಯಾಗಕ್ಕೆ ಮರುಗುತ್ತಿರುವಾಗಲೇ, ಈ ಕಥೆ ತನ್ನನ್ನು ಉದ್ದೇಶಿಸಿ ಹೇಳಿದುದಲ್ಲವೆಂದು ಅರಿಯುತ್ತಾನೆ.

ಮೂರನೆಯದು ಬಿಟ್ಟುಹೋದವರ ವಿಷಯ. ಚಿತ್ರದಲ್ಲಿ ಸುಭಾಷಚಂದ್ರ ಬೋಸರಿಲ್ಲ, ಡಾಕ್ಟರ್ ಅಂಬೇಡ್ಕರರಿಲ್ಲ. 1931ರ ಲಂಡನ್ ಯಾತ್ರೆಯಿದೆ, 1932ರ ಪುಣೆಯ ಒಪ್ಪಂದವಿಲ್ಲ. ಒಬ್ಬ ಮನುಷ್ಯನ ಬಾಳನ್ನು ಒಂದೇ ಕಥನದಲ್ಲಿ ಅಡಕಮಾಡಲಾಗದೆಂದು ಚಿತ್ರವು ಆರಂಭದಲ್ಲಿಯೇ ಒಪ್ಪಿಕೊಳ್ಳುತ್ತದೆ. ನಡೆದ ಸಂಗತಿಯನ್ನು ನಡೆದಂತೆ ಹೇಳುವುದಷ್ಟೇ ಕವಿಯ ಕೆಲಸವಲ್ಲ, ಅದು ಇತಿಹಾಸದಿಂದಲೇ ಸಿದ್ಧಿಸುತ್ತದೆ ಎಂಬುದು ಆನಂದವರ್ಧನನ ಅಭಿಪ್ರಾಯ. ರಸಕ್ಕೆ ಹೊಂದದುದನ್ನು ಬಿಡುವ ಅಧಿಕಾರ ಅವನಿಗುಂಟು. ಈ ನ್ಯಾಯವು ಅಟೆನ್‌ಬರೋ ಅವರಿಗೂ ಸಲ್ಲಬೇಕು. ಆದರೆ ಇಲ್ಲಿ ಬಿಟ್ಟುದು ರಸಕ್ಕೆ ವಿರೋಧಿಯಾದುದೇ ಎಂದು ಕೇಳಬೇಕಾಗಿದೆ. ನಾಯಕನ ಹಿರಿಮೆ ತಿಳಿಯುವುದು ಅವನಿಗೆ ಸಮನಾಗಿ ನಿಂತ ಪ್ರತಿವಾದಿಯಿಂದ. ಪಂಪನ ಭಾರತದಲ್ಲಿ ಅರ್ಜುನನ ಎದುರಿಗೆ ಕರ್ಣನು ಕುಗ್ಗಲಿಲ್ಲ; ಆದುದರಿಂದಲೇ ಅರ್ಜುನನ ಗೆಲವಿಗೆ ತೂಕ ಬಂದಿತು. ಈ ಚಿತ್ರದಲ್ಲಿ ಅಸ್ಪೃಶ್ಯತೆಯ ಪ್ರಸ್ತಾಪವಿದೆ; ಅದನ್ನು ಅನುಭವಿಸಿದವರ ನಾಯಕನ ಮಾತಿಲ್ಲ. ಅವನ ಮಾತಿದ್ದರೆ ಗಾಂಧೀಜಿಯವರು ಕಿರಿದಾಗುತ್ತಿರಲಿಲ್ಲ. ನೆಹರೂ ಅವರು ಬಯಸಿದಂತೆ ಮನುಷ್ಯರಾಗುತ್ತಿದ್ದರು.

ಇಲ್ಲಿ ಒಂದು ವಿಷಯವು ಸ್ಪಷ್ಟವಾಗುತ್ತದೆ. 1938ರ ಪ್ರೇಕ್ಷಕರು ಒಂದೇ ಕಂಠದಿಂದ ನುಡಿದಂತೆ 1982ರ ಪ್ರೇಕ್ಷಕರು ನುಡಿಯಲಿಲ್ಲ. ಒಬ್ಬನಿಗೆ ಬೋಸರಿಲ್ಲದ ಕೊರತೆ, ಮತ್ತೊಬ್ಬನಿಗೆ ಅಂಬೇಡ್ಕರರಿಲ್ಲದ ನೋವು, ಇನ್ನೊಬ್ಬನಿಗೆ ಚಿತ್ರವು ಇದ್ದಂತೆಯೇ ಸಾರ್ಥಕ. ಜಿನ್ನಾ ಅವರ ಚಿತ್ರಣವು ಪಾಕಿಸ್ತಾನದಲ್ಲಿ ಅಸಮಾಧಾನವನ್ನು ಹುಟ್ಟಿಸಿತು. ಅದಕ್ಕೆ ಉತ್ತರವೆಂಬ ಭಾವನೆಯಿಂದ ತೆಗೆದ 'ಜಿನ್ನಾ' (1998) ತನ್ನ ನಾಡಿನಲ್ಲಿಯೇ ವಿವಾದಕ್ಕೆ ಸಿಕ್ಕಿತು. ಡ್ರಾಕುಲಾ ಪಾತ್ರದಿಂದ ಪ್ರಸಿದ್ಧರಾದ ಕ್ರಿಸ್ಟೋಫರ್ ಲೀ ರಾಷ್ಟ್ರಪಿತನಾಗುವುದೇ ಎಂದು ಜನ ಕೇಳಿದರು. ಉತ್ತರ ಕೊಡಹೊರಟವರಿಗೂ ಅದೇ ಪ್ರಶ್ನೆ ಎದುರಾಯಿತು!

ನಮ್ಮಲ್ಲಿ ಕೊರತೆಯು ಕೇವಲ ದೂರಾಗಿ ಉಳಿಯಲಿಲ್ಲ. ಜಬ್ಬಾರ್ ಪಟೇಲರ 'ಡಾಕ್ಟರ್ ಬಾಬಾಸಾಹೇಬ್ ಅಂಬೇಡ್ಕರ್' 2000ದಲ್ಲಿಯೂ, ಶ್ಯಾಮ್ ಬೆನೆಗಲ್ಲರ ನೇತಾಜಿ ಚಿತ್ರ 2005ರಲ್ಲಿಯೂ ಬಂದುವು. ಇವು 'ಗಾಂಧಿ'ಯ ಪ್ರತ್ಯುತ್ತರಗಳೆಂದೇ ಹೇಳುವುದು ಸಾಹಸವಾದೀತು; ಆದರೆ ಅಲ್ಲಿ ತೆರವಾಗಿದ್ದ ಸ್ಥಾನಗಳನ್ನು ತುಂಬಿದುವೆನ್ನಲು ಅಡ್ಡಿಯಿಲ್ಲ.

ಆದುದರಿಂದ ರಾಷ್ಟ್ರದ ಪ್ರೇಕ್ಷಕ ಎಂಬ ಏಕವಚನವು ಪರಾಧೀನತೆಯ ಕಾಲಕ್ಕೆ ಮಾತ್ರ ಒಪ್ಪುವ ಪ್ರಯೋಗವೆಂದು ನಮ್ಮ ಅಭಿಪ್ರಾಯ. ಪರರ ಕನ್ನಡಿಯಲ್ಲಿ ಮುಖವನ್ನು ಕಂಡಾಗ ಹಲವರು ಹಲವು ಬಗೆಯಾಗಿ ನುಡಿದರೆ ಅದನ್ನು ಒಡಕೆಂದು ಭಾವಿಸಬೇಕಾದುದಿಲ್ಲ. ಕನ್ನಡಿ ಸರಿಯಿಲ್ಲವೆಂದು ಒಟ್ಟಾಗಿ ಕೂಗುವುದಕ್ಕಿಂತ, ಅದರಲ್ಲಿ ಕಾಣದ ಮುಖ ಯಾರದೆಂದು ನಮ್ಮ ನಮ್ಮಲ್ಲಿ ಕೇಳಿಕೊಳ್ಳುವುದು ಸ್ವತಂತ್ರ ಜನರ ಲಕ್ಷಣ.