ಮೊದಲ ತಿರುವಿನಲ್ಲಿ ಇಪ್ಪತ್ತು ಬೈಕು

ಟ್ರ್ಯಾಕ್ ಡೇಯಲ್ಲಿ ಯಾರೂ ಸೋಲುವುದಿಲ್ಲ. ಬೆಳಿಗ್ಗೆ ಬ್ರೀಫಿಂಗ್, ವೇಗಕ್ಕೆ ತಕ್ಕಂತೆ ಗುಂಪು, ಹದಿನೈದು ಇಪ್ಪತ್ತು ನಿಮಿಷದ ಸೆಷನ್, ನಡುನಡುವೆ ನೆರಳು, ನೀರು, ಮಜ್ಜಿಗೆ. ಹಿಂದಿಕ್ಕುವವರು ನೇರ ದಾರಿಯಲ್ಲಿ ಸಾಕಷ್ಟು ಜಾಗ ಬಿಟ್ಟು ಹಿಂದಿಕ್ಕಬೇಕು. ತಿರುವಿನಲ್ಲಿ ಇನ್ನೊಬ್ಬರ ಒಳಗೆ ತಲೆ ತೂರಿಸಿದರೆ ಪಿಟ್‌ಗೆ ಕರೆಸಿ ಬೈಯುತ್ತಾರೆ. ಸಂಜೆಯ ಹೊತ್ತಿಗೆ ಮೊಣಕಾಲಿನ ಸ್ಲೈಡರ್ ಒಂದಿಷ್ಟು ಸವೆದಿರುತ್ತದೆ, ಟೈರಿನ ಅಂಚು ಕರಗಿ ಹರಳುಗಟ್ಟಿರುತ್ತದೆ, ಮುಖ ಬಿಸಿಲಿಗೆ ಕಪ್ಪಿಟ್ಟಿದ್ದರೂ ನಗು ಮಾಸಿರುವುದಿಲ್ಲ. ಆಗ ಪ್ಯಾಡಕ್‌ನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: ‘ಇಷ್ಟು ಚೆನ್ನಾಗಿ ಓಡಿಸ್ತೀರಲ್ಲ, ರೇಸ್‌ಗೆ ಯಾಕೆ ಹಾಕಬಾರದು?’

ಈ ವಾರದ ಮಾತು ಆ ಪ್ರಶ್ನೆ ಕೇಳಿಸಿಕೊಂಡು ನಿದ್ದೆಗೆಟ್ಟವರಿಗೆ. ಹಾಕಿ ಎಂದೇ ನಾನು ಹೇಳುವುದು. ವೇಗವನ್ನು ಟ್ರ್ಯಾಕ್ ಡೇಯಲ್ಲೂ ಕಲಿಯಬಹುದು. ಒಳ್ಳೆಯ ಗುರು ಸಿಕ್ಕರೆ ರೇಸಿಗಿಂತ ಅಲ್ಲೇ ಚೆನ್ನಾಗಿ ಕಲಿಯಬಹುದು. ರೇಸ್ ಕಲಿಸುವ ಪಾಠ ಬೇರೆಯದು. ತಿರುವಿನ ಮೇಲೆ ತನಗಿದೆ ಎಂದುಕೊಂಡ ಹಕ್ಕನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟ ಮೇಲೂ ಅದೇ ತಿರುವನ್ನು ಅಚ್ಚುಕಟ್ಟಾಗಿ ಮುಗಿಸುವ ವಿದ್ಯೆ ಅದು. ನನಗೆ ತಿಳಿದಮಟ್ಟಿಗೆ ಅದನ್ನು ಬೇರೆಲ್ಲೂ ಹೇಳಿಕೊಡುವುದಿಲ್ಲ.

ಟ್ರ್ಯಾಕ್ ಡೇ ಸವಾರ ತನಗೊಂದು ಲೈನ್ ಕಟ್ಟಿಕೊಂಡಿರುತ್ತಾನೆ. ಹೊರ ಅಂಚಿನಿಂದ ಬಂದು, ಬೋರ್ಡ್ ನೋಡಿ ಬ್ರೇಕ್ ಹಿಡಿದು, ಎಪೆಕ್ಸ್ ಸವರಿ, ಥ್ರಾಟಲ್ ತೆರೆಯುತ್ತ ಮತ್ತೆ ಹೊರ ಅಂಚಿಗೆ. ದಿನವಿಡೀ ಅದನ್ನೇ ತಿದ್ದಿ ತೀಡುತ್ತಾನೆ. ಗ್ರಿಡ್‌ಗೆ ಬಂದರೆ ಅದೇ ಲೈನ್‌ಗೆ ಇಪ್ಪತ್ತು ಮಂದಿ ವಾರಸುದಾರರು. ಒಬ್ಬ ಒಳಗಿನ ದಾರಿ ಮುಚ್ಚುತ್ತಾನೆ, ಇನ್ನೊಬ್ಬ ಹೊರಗಿನಿಂದ ಸುತ್ತಿ ಬರುತ್ತಾನೆ, ನಿಮಗೆ ಉಳಿಯುವುದು ನೀವೆಂದೂ ತುಳಿಯದ ಡಾಂಬರು. ಅಲ್ಲಿ ಧೂಳಿದೆ, ಟೈರುಗಳಿಂದ ಉದುರಿದ ರಬ್ಬರಿನ ಚೂರುಗಳಿವೆ.

ಲೆಕ್ಕವೂ ಬದಲಾಗುತ್ತದೆ. ಕಿರಿದಾದ ಒಳದಾರಿಯಲ್ಲಿ ತಿರುವಿನ ತ್ರಿಜ್ಯ ಕಾಲುಭಾಗ ಕುಗ್ಗಿತು ಎಂದುಕೊಳ್ಳಿ. ಬೈಕನ್ನು ಅಷ್ಟೇ ವಾಲಿಸಿಟ್ಟರೆ ಅಲ್ಲಿ ಹೋಗಬಲ್ಲ ವೇಗ ಸುಮಾರು ಶೇ 13ರಷ್ಟು ಇಳಿಯುತ್ತದೆ; 90 ಕಿ.ಮೀ. ವೇಗದಲ್ಲಿ ದಾಟುತ್ತಿದ್ದ ತಿರುವನ್ನು 78ರಲ್ಲಿ ದಾಟಬೇಕು. ಅಂದರೆ ಹೆಚ್ಚು ಬ್ರೇಕ್ ಬೇಕು. ಆದರೆ ಒಳಗೆ ನುಗ್ಗಿ ಜಾಗ ಹಿಡಿಯುವವನು ಸಾಮಾನ್ಯವಾಗಿ ತಡವಾಗಿ ಬ್ರೇಕ್ ಹಿಡಿಯುತ್ತಾನೆ. ಗಂಟೆಗೆ 130 ಕಿ.ಮೀ. ಎಂದರೆ ಸೆಕೆಂಡಿಗೆ 36 ಮೀಟರ್. ಸೆಕೆಂಡಿನ ಹತ್ತನೆಯ ಒಂದು ಭಾಗ ತಡವಾದರೆ ಮೂರೂವರೆ ಮೀಟರ್ ಹೋಯಿತು. ಎರಡು ಬೈಕಿನ ಉದ್ದಕ್ಕಿಂತ ತುಸುವೇ ಕಡಿಮೆ. ಮೊದಲ ರೇಸಿನಲ್ಲಿ ಆಗುವ ಬಹುಪಾಲು ಅನಾಹುತಗಳು ಈ ಮೂರೂವರೆ ಮೀಟರಿನೊಳಗೇ ಆಗುತ್ತವೆ ಎಂಬುದು ನಾನು ಬೇಲಿಯ ಪಕ್ಕ ನಿಂತು ಕಂಡುಕೊಂಡದ್ದು.

ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲನ್ನು 1980ರಲ್ಲಿ ಕಟ್ಟಿದ ಕೀತ್ ಕೋಡ್ ತಮ್ಮ ‘ಎ ಟ್ವಿಸ್ಟ್ ಆಫ್ ದ ರಿಸ್ಟ್’ ಪುಸ್ತಕದಲ್ಲಿ ಸವಾರನ ಗಮನವನ್ನು ಹತ್ತು ಡಾಲರಿಗೆ ಹೋಲಿಸುತ್ತಾರೆ. ಹೊಸಬ ಕ್ಲಚ್ಚಿನ ಮೇಲೇ ಒಂಬತ್ತು ಡಾಲರ್ ಸುರಿಯುತ್ತಾನೆ. ಅದು ಕೈಗೆ ಕೂತ ಮೇಲೆ ಅಲ್ಲಿ ಐದು ಸೆಂಟು ಸಾಕು, ಉಳಿದದ್ದು ಬೇರೆ ಕಡೆಗೆ ಖರ್ಚಿಗುಂಟು. ಆ ಶಾಲೆ 2010ರಿಂದ ಚೆನ್ನೈಗೂ ಬಂದು ಪಾಠ ಹೇಳಿದೆ, ಬೆಂಗಳೂರಿನ ಎಷ್ಟೋ ಸವಾರರು ಅಲ್ಲಿ ಕೂತು ಕಲಿತಿದ್ದಾರೆ. ನಾನು ಇದಕ್ಕೆ ಸೇರಿಸುವುದು ಇಷ್ಟೇ: ಟ್ರ್ಯಾಕ್ ಡೇಯಲ್ಲಿ ಪೂರ್ತಿ ಹತ್ತು ಡಾಲರನ್ನೂ ನಿಮ್ಮ ಸವಾರಿಗೇ ಖರ್ಚು ಮಾಡಬಹುದು. ರೇಸಿನಲ್ಲಿ ಅದರಲ್ಲಿ ಆರನ್ನೋ ಏಳನ್ನೋ ಸುತ್ತಲಿನವರು ಕಿತ್ತುಕೊಳ್ಳುತ್ತಾರೆ. ಉಳಿದ ಮೂರ್ನಾಲ್ಕರಲ್ಲಿ ನಿಮ್ಮ ಬ್ರೇಕ್, ನಿಮ್ಮ ದೇಹಭಾರ, ನಿಮ್ಮ ಥ್ರಾಟಲ್ ನಡೆಯಬೇಕು. ರೇಸ್‌ಗೆ ಸಿದ್ಧರಾಗಿದ್ದೀರೋ ಇಲ್ಲವೋ ಎಂದು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಸಿಕ್ಕಿಲ್ಲ. ಪಕ್ಕದಲ್ಲಿ ಒಬ್ಬ ಗೆಳೆಯನನ್ನು ಮೊಣಕೈ ತಾಗುವಷ್ಟು ಹತ್ತಿರ ಓಡಿಸಿಕೊಂಡು ಒಂದು ಸೆಷನ್ ಮುಗಿಸಿ, ಹೊರಬಂದಾಗ ಯಾವ ತಿರುವಿನಲ್ಲಿ ಯಾವ ಗೇರ್‌ನಲ್ಲಿದ್ದಿರಿ ಎಂದು ನಿಮಗೆ ನೆನಪಿದೆಯೇ ನೋಡಿ.

ಇನ್ನು ಬೈಕಿನ ಮಾತು. ಇಲ್ಲಿ ನಾನು ರಾಜಿಯಾಗುವವನಲ್ಲ. ಟ್ರ್ಯಾಕ್ ಡೇಗೆ ಲೀಟರ್ ಬೈಕು ತರುವವರು ಅದನ್ನೇ ಗ್ರಿಡ್‌ಗೂ ತರಬೇಕೆಂದು ಆಸೆಪಡುತ್ತಾರೆ. ಬೇಡ. ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ಹೊಸಬರಿಗಾಗಿಯೇ 165 ಸಿಸಿಯ ಸ್ಟಾಕ್ ನೊವೀಸ್ ವರ್ಗವಿದೆ. ಆರ್15ನಂಥ, ಕಾಲೇಜು ಹುಡುಗರು ದಿನಾ ಓಡಿಸುವ ಬೈಕುಗಳೇ ಅಲ್ಲಿ ಓಡುವುದು. ಅದು ಕೀಳು ಎಂದು ಯಾರೂ ಭಾವಿಸಬಾರದು. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಅದನ್ನು ಭೇದಿಸಲು ಬೇಕಾದ ಶಕ್ತಿ ಘನಕ್ಕೆ. ಸಣ್ಣ ಎಂಜಿನ್ ನೇರ ದಾರಿಯ ಕೊನೆಯಲ್ಲಿ ಉಸಿರುಗಟ್ಟಿ ನಿಂತಾಗ, ಮುಂದಿನ ಬೈಕಿನ ಬೆನ್ನಿಗೆ ಅಂಟಿಕೊಂಡವರಿಗೆ ಸೀಳಿದ ಗಾಳಿ ಸಿಗುತ್ತದೆ, ಅವರು ತಾವಾಗಿಯೇ ಮುಂದೆ ಜಾರುತ್ತಾರೆ. ಹಾಗಾಗಿ ಸಣ್ಣ ಬೈಕಿನ ರೇಸಿನಲ್ಲಿ ಯಾರೂ ತಪ್ಪಿಸಿಕೊಂಡು ಹೋಗಲಾರರು. ಎಂಟು ಹತ್ತು ಬೈಕುಗಳು ಒಂದೇ ಗೊಂಚಲಾಗಿ ಮೊದಲ ಲ್ಯಾಪಿನಿಂದ ಕೊನೆಯ ಲ್ಯಾಪಿನವರೆಗೂ ಜೊತೆಗಿರುತ್ತವೆ. ಹಿಂದಿಕ್ಕುವುದನ್ನೂ ಹಿಂದಿಕ್ಕಿಸಿಕೊಳ್ಳುವುದನ್ನೂ ಇಷ್ಟು ಸಲ ಅಭ್ಯಾಸ ಮಾಡಿಸುವ ಶಾಲೆ ಬೇರೆ ಯಾವುದಿದೆ? ದೊಡ್ಡ ಬೈಕು ನೇರ ದಾರಿಯಲ್ಲಿ ನಿಮ್ಮ ತಪ್ಪನ್ನು ಮುಚ್ಚಿಹಾಕುತ್ತದೆ. ಸಣ್ಣದು ತಿರುವಿನಲ್ಲಿ ಕಳೆದುಕೊಂಡ ಎರಡು ಕಿಲೋಮೀಟರ್ ವೇಗವನ್ನು ಮುಂದಿನ ಬ್ರೇಕಿಂಗ್ ಬೋರ್ಡ್‌ವರೆಗೂ ಹಿಂದಿರುಗಿಸುವುದಿಲ್ಲ.

ಸ್ಕ್ರುಟಿನಿಗೆ ಬೈಕ್ ಸಿದ್ಧಪಡಿಸುವ ಕೆಲಸವನ್ನು ಕಿರಿಕಿರಿ ಎನ್ನುವವರಿದ್ದಾರೆ. ನನಗೆ ಇಡೀ ವಾರಾಂತ್ಯದಲ್ಲಿ ಅತ್ಯಂತ ಪ್ರೀತಿಯ ಹೊತ್ತು ಅದು. ಕನ್ನಡಿ, ಇಂಡಿಕೇಟರ್, ಸ್ಟ್ಯಾಂಡ್ ಕಳಚಬೇಕು. ಆಯಿಲ್ ಡ್ರೇನ್ ಬೋಲ್ಟಿಗೂ ಫಿಲ್ಲರ್ ಮುಚ್ಚಳಕ್ಕೂ ಸಣ್ಣ ತೂತು ಕೊರೆದು ಸ್ಟೀಲ್ ತಂತಿ ಹೆಣೆದು ಬಿಗಿಯಬೇಕು. ಬೋಲ್ಟ್ ಸಡಿಲಾದರೂ ತಂತಿ ಅದನ್ನು ಬಿಚ್ಚಿಕೊಳ್ಳಗೊಡುವುದಿಲ್ಲ. ರೇಡಿಯೇಟರಿನ ಕೂಲೆಂಟ್ ಚೆಲ್ಲಿ ಬರೀ ನೀರು ತುಂಬಬೇಕು, ಏಕೆಂದರೆ ಗ್ಲೈಕಾಲ್ ಡಾಂಬರಿನ ಮೇಲೆ ಬಿದ್ದರೆ ಸುಲಭವಾಗಿ ಆರುವುದಿಲ್ಲ, ಜಾರುತ್ತದೆ. ಎಂಜಿನ್ ಕೆಳಗಿನ ಬೆಲ್ಲಿ ಪ್ಯಾನ್ ಸೋರಿದ ಎಣ್ಣೆಯನ್ನು ಹಿಡಿದಿಡುತ್ತದೆ. ಹಿಂದಿನ ಸ್ಪ್ರಾಕೆಟ್ ಬಳಿಯ ಪುಟ್ಟ ರೆಕ್ಕೆಯಂಥ ಗಾರ್ಡ್ ಬಿದ್ದವರ ಬೆರಳನ್ನು ಚೈನಿನಿಂದ ಕಾಯುತ್ತದೆ. ಬ್ರೇಕ್ ಲಿವರಿನ ಮುಂದಿನ ಗಾರ್ಡ್ ಪಕ್ಕದ ಬೈಕು ತಾಗಿ ಮುಂದಿನ ಚಕ್ರ ಕಚ್ಚಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಗಮನಿಸಿ, ಇವುಗಳಲ್ಲಿ ಯಾವುದೂ ನಿಮ್ಮ ಬೈಕನ್ನು ವೇಗಗೊಳಿಸುವುದಿಲ್ಲ. ಹೆಚ್ಚಿನವು ನಿಮ್ಮ ಹಿಂದೆ ಬರುವವರಿಗಾಗಿ ಇವೆ. ನಿಮ್ಮ ಬೈಕಿನಿಂದ ಹನಿಕಿದ ಎಣ್ಣೆಯ ಮೇಲೆ ಮುಂದಿನ ಕ್ಷಣ ಜಾರುವವರು ನಿಮಗೆ ಗೊತ್ತಿರುವವರೇ, ಬೆಳಿಗ್ಗೆ ಅವರಿಂದ ಸ್ಪ್ಯಾನರ್ ಕೇಳಿ ಪಡೆದಿರುತ್ತೀರಿ.

ನಮ್ಮ ಕಡೆಯವರಿಗೆ ಇದಕ್ಕೆಲ್ಲ ಗಡಿ ದಾಟಬೇಕು. ರಾಷ್ಟ್ರೀಯ ಮೋಟಾರ್‌ಸೈಕಲ್ ರೇಸಿಂಗಿನ ಸುತ್ತೊಂದನ್ನು ನಡೆಸುವಂಥ ದೊಡ್ಡ ಸರ್ಕ್ಯೂಟ್ ಕರ್ನಾಟಕದಲ್ಲಿಲ್ಲ. ಬೆಂಗಳೂರಿನಿಂದ ಸುಮಾರು 300 ಕಿ.ಮೀ. ದೂರದ ಇರುಂಗಾಟ್ಟುಕೋಟೈಯಲ್ಲಿರುವ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್, ಇಲ್ಲವೇ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ. ಮದ್ರಾಸಿನ ಟ್ರ್ಯಾಕ್ 3.717 ಕಿ.ಮೀ. ಉದ್ದ, 1990ರಲ್ಲಿ ಶುರುವಾದದ್ದು, ಅದನ್ನು ಕಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 1953ರದ್ದು. ಈ ಟ್ರ್ಯಾಕಿಗೂ ಮುಂಚೆ ರೇಸುಗಳು ಶೋಲಾವರಂನ ಹಳೆಯ ಏರ್‌ಸ್ಟ್ರಿಪ್‌ನಲ್ಲಿ ನಡೆಯುತ್ತಿದ್ದವು, ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ಹುಟ್ಟಿದ ಜಾವಾ, ಯೆಜ್ಡಿಗಳು ಅಲ್ಲಿ ಹೊಗೆಯುಗುಳುತ್ತ ಓಡಿವೆ. ಬೈಕುಗಳನ್ನು ನಮ್ಮೂರಲ್ಲೇ ಮಾಡಿದೆವು, ಓಡಿಸಲು ಪಕ್ಕದೂರಿಗೆ ಹೋದೆವು. ಇವತ್ತಿಗೂ ಗುರುವಾರ ರಾತ್ರಿ ಟೆಂಪೋಗೆ ಬೈಕ್ ಕಟ್ಟಿ ಹೊಸೂರು ದಾಟುವುದೇ ಬೆಂಗಳೂರಿನ ರೇಸರುಗಳ ಪಾಡು.

ಟ್ರ್ಯಾಕ್ ಡೇಯಿಂದ ರೇಸಿಗೆ ಏರುವ ಮೆಟ್ಟಿಲು ಬ್ರಿಟನ್ನಿನಲ್ಲಿ ಸಲೀಸು. ಬೆಂಸಿ ಎಂದು ಎಲ್ಲರೂ ಕರೆಯುವ ಬ್ರಿಟಿಷ್ ಮೋಟಾರ್‌ಸೈಕಲ್ ರೇಸಿಂಗ್ ಕ್ಲಬ್ 1909ರಿಂದಲೂ ಇದೆ. ಹೊಸಬರು ಕಿತ್ತಳೆ ಬಣ್ಣದ ಅಂಗಿ ತೊಟ್ಟು ಓಡುತ್ತಾರೆ, ಪ್ರತಿ ರೇಸನ್ನು ಸರಿಯಾಗಿ ಮುಗಿಸಿದ್ದಕ್ಕೆ ಸಹಿ ಕೂಡಿಸುತ್ತ ಹೋಗುತ್ತಾರೆ, ಸಹಿಗಳು ತುಂಬಿದ ಮೇಲೆ ಅಂಗಿ ಕಳಚುತ್ತಾರೆ. ಆ ಅಂಗಿ ನನಗೆ ಬಹಳ ಇಷ್ಟ. ಹಿಂದಿನವರಿಗೆ ಅದು ‘ಇವನು ಏನು ಮಾಡುತ್ತಾನೋ ಗೊತ್ತಿಲ್ಲ, ಜಾಗ ಕೊಡಿ’ ಎಂದು ಹೇಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1954ರಿಂದ ನಡೆದುಬಂದಿರುವ ಎಎಫ್ಎಂ ಕ್ಲಬ್ ಹೊಸಬರಿಗೆ ಪಾಠ ಹೇಳಿ, ಪರೀಕ್ಷಿಸಿ ಗ್ರಿಡ್‌ಗೆ ಬಿಡುತ್ತದೆ. ನಮ್ಮಲ್ಲಿ ಅಂಥ ತಿಂಗಳಿಗೊಂದು ಕ್ಲಬ್ ರೇಸ್ ಇಲ್ಲ. ಟ್ರ್ಯಾಕ್ ಡೇಯಿಂದ ಹೊರಟವರು ದೇಶದ ಮೋಟಾರ್ ಕ್ರೀಡಾ ಒಕ್ಕೂಟವಾದ ಎಫ್ಎಂಎಸ್‌ಸಿಐನ ಲೈಸೆನ್ಸ್ ಮಾಡಿಸಿ, ವೈದ್ಯರ ಪ್ರಮಾಣಪತ್ರ ಹಿಡಿದು, ನೇರ ರಾಷ್ಟ್ರೀಯ ಸುತ್ತಿನ ನೊವೀಸ್ ವರ್ಗಕ್ಕೇ ಜಿಗಿಯಬೇಕು. ಈ ಕಂದಕವನ್ನು ಒಂದಿಷ್ಟು ತುಂಬಿರುವುದು ಕಂಪನಿಗಳ ಒನ್ ಮೇಕ್ ರೇಸುಗಳು. ಟಿವಿಎಸ್‌ನ ಒನ್ ಮೇಕ್ ಚಾಂಪಿಯನ್‌ಶಿಪ್ 1994ರಿಂದ ನಡೆಯುತ್ತಿದೆ. ರಾಯಲ್ ಎನ್‌ಫೀಲ್ಡ್ 2021ರಲ್ಲಿ ಕಾಂಟಿನೆಂಟಲ್ ಜಿಟಿ 650ರ ಕಪ್ ಶುರುಮಾಡಿತು. ಬೈಕು ಅವರದೇ, ಎಲ್ಲರಿಗೂ ಒಂದೇ ಬಗೆಯದು, ಆಯ್ಕೆ ಮಾತ್ರ ಸಮಯದ ಮೇಲೆ. ಸ್ವಂತ ಬೈಕ್ ಕಟ್ಟುವ ಖರ್ಚಿಗೆ ಹೆದರಿದವರು ಮೊದಲು ಈ ಬಾಗಿಲು ತಟ್ಟುವುದು ಒಳ್ಳೆಯದು.

ಅಪಾಯದ ಮಾತನ್ನು ನುಂಗಿಕೊಂಡು ‘ಹಾಕಿ’ ಎನ್ನುವುದು ನನ್ನಿಂದಾಗದು. 2023ರ ಆಗಸ್ಟ್ 5ರಂದು ಇದೇ ಮದ್ರಾಸ್ ಟ್ರ್ಯಾಕ್‌ನಲ್ಲಿ, ಬೆಂಗಳೂರಿನ ಶ್ರೇಯಸ್ ಹರೀಶ್ ರೂಕಿ ರೇಸ್ ಶುರುವಾದ ಕೂಡಲೇ ಮೊದಲ ತಿರುವಿನಿಂದ ಹೊರಬರುವಾಗ ಬಿದ್ದು ತೀರಿಕೊಂಡ. ಅವನಿಗೆ ಹದಿಮೂರು ವರ್ಷ. ಆ ವಾರಾಂತ್ಯದ ಉಳಿದ ರೇಸುಗಳನ್ನೆಲ್ಲ ರದ್ದು ಮಾಡಿದರು. ಆ ಹುಡುಗ ಅಸಾಧಾರಣ ಪ್ರತಿಭೆ. ಅನನುಭವವೇ ಕಾರಣ ಎಂದು ಹೇಳಿ ನಮಗೆ ನಾವೇ ಸಮಾಧಾನ ಮಾಡಿಕೊಳ್ಳುವ ಹಾಗಿಲ್ಲ. ಗುಂಪಿನಲ್ಲಿ ಬೀಳುವುದು ಒಂಟಿಯಾಗಿ ಬೀಳುವುದಕ್ಕಿಂತ ಬೇರೆಯೇ ವಿಷಯ: ಒಂಟಿಯಾಗಿ ಬಿದ್ದವರು ಜಾರಿಕೊಂಡು ಹೋಗುತ್ತಾರೆ, ಗುಂಪಿನಲ್ಲಿ ಬಿದ್ದವರ ಹಿಂದೆ ಬೈಕುಗಳಿರುತ್ತವೆ. ಮೋಟೋಜಿಪಿ 2018ರಲ್ಲಿ ಏರ್‌ಬ್ಯಾಗ್ ಸೂಟ್ ಕಡ್ಡಾಯ ಮಾಡಿತು. ಹವ್ಯಾಸಿಗೆ ಕಡ್ಡಾಯವಿರಲಿ ಬಿಡಲಿ, ಎಕ್ಸಾಸ್ಟಿಗೆ ಇಟ್ಟ ದುಡ್ಡನ್ನು ಏರ್‌ಬ್ಯಾಗಿಗೆ ತಿರುಗಿಸಿ. ಹೆಲ್ಮೆಟ್ಟಿನ ಪಟ್ಟಿಯನ್ನು ಗ್ರಿಡ್‌ಗೆ ಹೋಗುವ ಮುಂಚೆ ಇನ್ನೊಬ್ಬರ ಕೈಯಲ್ಲಿ ಎಳೆಸಿ ನೋಡಿಸಿ. ಮನೆಯವರಿಗೆ ಏನು ಮಾಡಲು ಹೊರಟಿದ್ದೀರಿ ಎಂದು ಪೂರ್ತಿ ಹೇಳಿ.

ಅರ್ಜಿ ತುಂಬುವ ಮುಂಚೆ ಒಂದು ವಾರಾಂತ್ಯ ಮಾರ್ಷಲ್ ಆಗಿ ನಿಲ್ಲಲು ಕೇಳಿಕೊಳ್ಳಿ. ಹಳದಿ ಬಾವುಟ ಬೀಸಿದಾಗ ಎಷ್ಟು ಮಂದಿ ನಿಜಕ್ಕೂ ನೋಡುತ್ತಾರೆ, ಕೆಂಪು ಗೆರೆಗಳ ಹಳದಿ ಬಾವುಟ ಕಂಡಾಗ ಯಾರು ಥ್ರಾಟಲ್ ಇಳಿಸುತ್ತಾರೆ, ನೀಲಿ ಬಾವುಟ ಕಂಡವರು ದಾರಿ ಬಿಡುವಾಗ ಹೇಗೆ ಬಿಡುತ್ತಾರೆ ಎಂಬುದು ಅಲ್ಲಿಂದ ಕಾಣುವಷ್ಟು ಸೀಟಿನ ಮೇಲಿಂದ ಕಾಣುವುದಿಲ್ಲ. ಸ್ಟಾರ್ಟ್ ನೋಡುವುದಾದರೆ ಮೊದಲ ತಿರುವಾದ ಸಿ1ನ ಹತ್ತಿರ ನಿಲ್ಲಿ. ಮುಂದಿನ ಸಾಲಿನವರು ಹೇಗೆ ಹೋದರು ಎಂಬುದನ್ನು ಬಿಟ್ಟು, ಹಿಂದಿನ ಎರಡು ಸಾಲುಗಳನ್ನು ನೋಡಿ. ನೀವು ಮೊದಲ ಸಲ ನಿಲ್ಲುವುದು ಅಲ್ಲೇ.

ರೇಸ್ ಆರೇ ಲ್ಯಾಪ್ ಇದ್ದೀತು. ಮುಗಿದ ಮೇಲೆ ಹಾಳೆ ಅಂಟಿಸುತ್ತಾರೆ, ಎಲ್ಲರೂ ಮೊದಲು ತಮ್ಮ ಸ್ಥಾನ ಹುಡುಕುತ್ತಾರೆ. ನೀವು ಇನ್ನೊಂದನ್ನು ಹುಡುಕಿ. ಕ್ವಾಲಿಫೈಯಿಂಗ್‌ನಲ್ಲಿ ಯಾರ ಕಾಟವೂ ಇಲ್ಲದೆ ಹಾಕಿದ ನಿಮ್ಮ ಅತ್ಯುತ್ತಮ ಲ್ಯಾಪ್, ರೇಸಿನ ನಡುವೆ ಜನರೊಳಗೆ ಸಿಕ್ಕಿಕೊಂಡು ಹಾಕಿದ ಲ್ಯಾಪ್, ಇವೆರಡರ ನಡುವಿನ ಅಂತರ. ಹೊಸಬರಲ್ಲಿ ಅದು ಮೂರು ನಾಲ್ಕು ಸೆಕೆಂಡ್ ಇದ್ದರೂ ಆಶ್ಚರ್ಯವಿಲ್ಲ. ಎರಡನೆಯ ರೇಸಿನ ಹೊತ್ತಿಗೆ ಅದು ಒಂದು ಸೆಕೆಂಡಿನಷ್ಟು ಕಿರಿದಾಗಿದ್ದರೆ, ಹದಿನೈದನೆಯ ಸ್ಥಾನದಲ್ಲೇ ಮುಗಿಸಿದ್ದರೂ ಸರಿ, ಮೂರನೆಯದಕ್ಕೆ ಹೆಸರು ಕೊಟ್ಟು ಬನ್ನಿ.